ಮೂಳೆಯಿರುವ ಹೂವು

ಫೆಬ್ರವರಿ 3, ಸೋಮವಾರ

ಹೊಸ ವರ್ಷಕ್ಕೆ ಕಚೇರಿಯಲ್ಲಿ ಕೊಟ್ಟ ಡೈರಿಯನ್ನು ಇವತ್ತು ಬಿಡಿಸಿದೆ. ರೇಗಾಡಲು ಮನೆಯಲ್ಲಿ ಯಾರೂ ಇಲ್ಲ, ಅದಕ್ಕೆ.

ಇವರು ಬೆಳಿಗ್ಗೆ ಏಳರ ಬಸ್ಸಿಗೆ ಭದ್ರಾವತಿಗೆ ಹೋದರು. ಅತ್ತೆಗೆ ನಾಳೆ ಕಣ್ಣಿನ ಪೊರೆಯ ಆಪರೇಷನ್, ಶುಕ್ರವಾರದವರೆಗೂ ಅಲ್ಲೇ. ಹೊರಡುವಾಗ ತಾಯಿಯ ಕಣ್ಣಿನ ಬಗ್ಗೆ ಒಂದು ಮಾತಿಲ್ಲ, ಉಪ್ಪುನೀರಿನ ಮೀನಿನ ಟ್ಯಾಂಕಿನ ಬಗ್ಗೆ ಅರ್ಧ ಗಂಟೆ. ದಿನಾ ಆರು ಲೀಟರ್ ಸಿಹಿನೀರು ಹಾಕಬೇಕು. ಫಿಲ್ಟರಿನದೇ ಆಗಬೇಕು. ಟ್ಯಾಂಕಿನಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ನೀರು ಹಾಕದಿದ್ದರೆ ಒಳಗಿನ ಜೀವ ಉಪ್ಪಿನಕಾಯಿಯಾಗುತ್ತದೆ. ಇಪ್ಪತ್ತೈದು ವರ್ಷ ಸರ್ಕಾರದ ಕಡತ ಕಾದವಳಿಗೆ ಒಂದು ಗಾಜಿನ ಪೆಟ್ಟಿಗೆ ಕಾಯಲು ಬರುವುದಿಲ್ಲವೇ ಎಂದೆ. ಇವರು ನಗಲಿಲ್ಲ.

ಸಮುದ್ರ ನೋಡಬೇಕೆಂದರೆ ಜನ ಘಟ್ಟ ಇಳಿಯುತ್ತಾರೆ. ನಮ್ಮ ಮನೆಗೆ ಸಮುದ್ರವೇ ಘಟ್ಟ ಹತ್ತಿ ಬಂದು, ಹಾಲಿನಲ್ಲಿ ಟಿವಿ ಇದ್ದ ಜಾಗದಲ್ಲಿ ಕೂತಿದೆ. ಎರಡು ಪುಟಾಣಿ ಮೀನು, ನಾಲ್ಕು ಬಸವನಹುಳು, ಮತ್ತು ಆ ಮಾಂಸದ ಮುದ್ದೆ. ತಟ್ಟೆಯಷ್ಟು ಅಗಲ, ಇಟ್ಟಿಗೆ ಕೆಂಪು, ಅಂಚಿಗೆ ಹಸಿರು. ನೀರು ತುಂಬಿದ ಬಲೂನಿನ ಹಾಗೆ ಉಬ್ಬಿಕೊಂಡು, ನಡುವೆ ಒಂದು ಬಾಯಿ. ಮೊಟ್ಟೆಯನ್ನೂ ಹೊಸಿಲು ದಾಟಿಸದ ಲಿಂಗಾಯತರ ಮನೆಯಲ್ಲಿ ಇದಕ್ಕೆ ನಡುಮನೆಯ ಜಾಗ. ತಂದುಕೊಟ್ಟವರು ಮುರುಗೇಶಪ್ಪ. ಇವರ ಕಾರ್ಖಾನೆಯಲ್ಲೇ ಕ್ರೇನ್ ನಡೆಸುತ್ತಿದ್ದವರು, ಈಗ ಭದ್ರಾವತಿಯಲ್ಲಿ ಮೀನಿನ ಅಂಗಡಿ ಇಟ್ಟಿದ್ದಾರೆ. ಮಶ್ರೂಮ್ ಜಾತಿಯ ಹವಳ, ಮೂಳೆ ಇಲ್ಲ, ಬರೀ ಮಾಂಸ ಎಂದು ಹೇಳಿ ಕೊಟ್ಟರಂತೆ.

ನಾನು ಬಾಯಿ ಮುಚ್ಚಿಕೊಂಡಿರುವುದಕ್ಕೆ ಕಾರಣ ಒಂದೇ. ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ನಾಲ್ಕು ವರ್ಷ ಕೆಮಿಸ್ಟ್ ಆಗಿದ್ದ ಮನುಷ್ಯ, ಅದು ನಿಂತ ಮೇಲೆ ಎಂಟು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದರು. ಎಬ್ಬಿಸಿದರೆ ಏಳುತ್ತಿದ್ದರು, ಬಡಿಸಿದರೆ ಉಣ್ಣುತ್ತಿದ್ದರು, ಅಷ್ಟೇ. ಈ ಟ್ಯಾಂಕ್ ಬಂದ ಮೇಲೆ ಆರಕ್ಕೆ ಏಳುತ್ತಾರೆ. ಲ್ಯಾಬಿನಲ್ಲಿದ್ದಂಥ ಗಾಜಿನ ಕೊಳವೆ, ಬ್ಯೂರೆಟ್, ಹಿಡಿದು ನೀರಿನ ಸುಣ್ಣ ಅಳೆಯುತ್ತಾರೆ. ಮುದ್ದೆಗೆ ಕೈ ಮುಗಿದು ಸುಮ್ಮನಿದ್ದೇನೆ.

ನೀರು ಹಾಕಿದ್ದಾಯಿತು. ನೀಲಿ ಕ್ಯಾನ್ ಸೋರುತ್ತಿತ್ತು. ನಾವು ಕುಡಿಯುವ ತಾಮ್ರದ ಕೊಡದಲ್ಲೇ ಫಿಲ್ಟರಿನ ನೀರು ರಾತ್ರಿಯಿಡೀ ಇತ್ತು, ಅದನ್ನೇ ಹಾಕಿದೆ. ನಿನ್ನೆ ತಾನೇ ಹುಣಸೆಹಣ್ಣು ಹಾಕಿ ತಿಕ್ಕಿದ ಕೊಡ, ಚಿನ್ನದ ಹಾಗೆ ಹೊಳೆಯುತ್ತಿದೆ. ಇದಕ್ಕಿಂತ ಶುದ್ಧ ನೀರು ಇವರಿಗೆ ಎಲ್ಲಿ ಸಿಗಬೇಕು.

ಫೆಬ್ರವರಿ 5, ಬುಧವಾರ

ಅತ್ತೆಯ ಆಪರೇಷನ್ ಚೆನ್ನಾಗಿ ಆಯಿತು. ಒಂದು ಬಸವನಹುಳು ಬೋರಲು ಬಿದ್ದಿದೆ. ಮುದ್ದೆ ಸ್ವಲ್ಪ ಸೊರಗಿದಂತಿದೆ. ಇವರು ಫೋನಿನಲ್ಲಿ ಕೇಳಿದರು, ಎಲ್ಲ ಸರಿ ಇದೆ ಎಂದೆ. ನೀರು ಮಾತ್ರ ತಪ್ಪಿಸಿಲ್ಲ, ಮೂರು ದಿನವೂ ಕೊಡದ್ದೇ.

ಫೆಬ್ರವರಿ 6, ಗುರುವಾರ

ಬಾಗಿಲಿಗೆ ಚಿಲಕ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ನೋಡಿದರೆ ಮುದ್ದೆ ಪೂರ್ತಿ ಇಳಿದುಹೋಗಿತ್ತು. ಮಾಂಸ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡು, ಅದರ ಕೆಳಗಿಂದ ಬೆಳ್ಳಗೆ ಹಲ್ಲುಗಳು ಎದ್ದಿದ್ದವು. ಕಾಯಿ ತುರಿಯುವ ಮಣೆಯ ಹಲ್ಲಿನಂತೆ ಸುತ್ತಲೂ, ದಪ್ಪ ದಪ್ಪ, ಎಲ್ಲವೂ ನಡುವಿನ ಬಾಯಿಯ ಕಡೆಗೆ. ಮೂಳೆ ಇಲ್ಲದ್ದಕ್ಕೆ ಮೂಳೆ.

ಏನೂ ಅರ್ಥವಾಗದೆ ಕಚೇರಿಗೆ ಹೋದೆ. ಹನ್ನೊಂದು ಗಂಟೆಗೆ ಯಾವುದೋ ಜಿಂಕೆ ಕೊಂಬಿನ ಕಡತಕ್ಕೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿ ತೆಗೆದು ನೋಡುವಾಗ ಕಣ್ಣಿಗೆ ಬಿತ್ತು. ಅರಣ್ಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ಆ ಪಟ್ಟಿಯನ್ನು ನೂರು ಸಲವಾದರೂ ಟೈಪ್ ಮಾಡಿದ್ದೇನೆ. ಹುಲಿ, ಆನೆ ಇರುವ ಪಟ್ಟಿ ಅದು. ಅದೇ ಪಟ್ಟಿಯಲ್ಲಿ ಕಲ್ಲು ಹವಳ. ಒಂದು ಜಾತಿಯಲ್ಲ, ಮೂಳೆ ಕಟ್ಟುವ ಕಲ್ಲು ಹವಳಗಳೆಲ್ಲವೂ. ಇಟ್ಟುಕೊಂಡರೆ ಜೈಲು. ಮಶ್ರೂಮ್ ಅದರಲ್ಲಿಲ್ಲ. ಮಶ್ರೂಮಿಗೆ ಮೂಳೆ ಇಲ್ಲ.

ಪಕ್ಕದ ಕೋಣೆಯಿಂದ ವಲಯ ಅರಣ್ಯಾಧಿಕಾರಿ ಸಂಧ್ಯಾ ಮೇಡಂ, ಪಟ್ಟಿ ಸಿಕ್ಕಿತೇ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಪುಸ್ತಕವನ್ನು ಮುಚ್ಚಿಬಿಟ್ಟೆ. ನನ್ನ ಮನೆಯ ನಡುಮನೆಯಲ್ಲಿ ಹುಲಿ ಕೂತಿದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ.

ನಾಳೆ ಇವರು ಬರುತ್ತಾರೆ. ಬಂದ ಕೂಡಲೇ ಹೇಳಿ, ಅದನ್ನು ಮನೆಯಿಂದ ಕಳಿಸುವುದೇ.

ಫೆಬ್ರವರಿ 7, ಶುಕ್ರವಾರ

ಹೇಳಲಿಲ್ಲ.

ಇವರು ಚಪ್ಪಲಿ ಬಿಡದೆ ನೇರ ಟ್ಯಾಂಕಿನ ಹತ್ತಿರ ಹೋದರು. ಸತ್ತ ಹುಳು ಎರಡಾಗಿತ್ತು. ಯಾವ ನೀರು ಹಾಕಿದೆ ಎಂದರು. ಫಿಲ್ಟರಿನದೇ ಎಂದೆ. ಯಾವುದರಲ್ಲಿ ಇಟ್ಟಿದ್ದೆ ಎಂದರು. ಕೊಡದ ಕಡೆ ತೋರಿಸಿದೆ. ಕೊಡ ವಾಲಿಸಿ ಒಳಗೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ತಾಮ್ರ ನಮಗೆ ಅಮೃತ, ಇದಕ್ಕೆ ವಿಷ ಕಣೆ. ಅದೂ ಫಿಲ್ಟರ್ ನೀರು, ಹುಳಿ ಹಾಕಿ ತಿಕ್ಕಿದ ಕೊಡ. ತಾಮ್ರನ ಕರಗಿಸಿ ಕುಡಿಸಿದ್ದೀಯ," ಎಂದರು.

ನನಗೆ ಅಳು ಬಂತು. ಆದರೆ ಇವರು ಅಷ್ಟರಲ್ಲಿ ಕನ್ನಡಕ ಏರಿಸಿ, ಟಾರ್ಚ್ ಹಿಡಿದು, ಗಾಜಿಗೆ ಮೂಗು ಒತ್ತಿ ಆ ಹಲ್ಲುಗಳನ್ನು ಎಣಿಸುತ್ತಿದ್ದರು. ನಾನು ಎಷ್ಟೋ ವರ್ಷದಿಂದ ಕಾಣದ ಮುಖ. ಮುರುಗೇಶನಿಗೂ ಗೊತ್ತಿಲ್ಲ, ಇದು ಮಶ್ರೂಮ್ ಅಲ್ಲವೇ ಅಲ್ಲ ಎಂದರು. ಮೊಬೈಲಿನಲ್ಲಿ ಚಿತ್ರ ತೆಗೆದು ಹೋಲಿಸಿದರು. ಹಲವು ಬಾಯಿ ಇದ್ದರೆ ಒಂದು ಜಾತಿ, ಇದಕ್ಕೆ ಒಂದೇ ಬಾಯಿ. ಹಲ್ಲು ಚೂಪಾಗಿದ್ದರೆ ಇನ್ನೊಂದು, ಇದರದು ದುಂಡು ತುದಿಯ ದಪ್ಪ ಹಲ್ಲು. ಕೊನೆಗೆ ಸಿನರಿನಾ ಎಂದು ತೀರ್ಮಾನ ಕೊಟ್ಟರು. ಆರೋಗ್ಯವಾಗಿದ್ದಾಗ ಮೂಳೆಯನ್ನು ಪೂರ್ತಿ ಮುಚ್ಚಿಕೊಂಡಿರುತ್ತದೆ, ಅದಕ್ಕೇ ಗುರುತು ಸಿಗುವುದಿಲ್ಲವಂತೆ. ಕಾಯಿಲೆ ಬಿದ್ದರೆ ಮಾತ್ರ ತಾನು ಯಾರೆಂದು ಹೇಳುತ್ತದೆ.

"ನಿನ್ನ ಕೊಡದಿಂದಾಗಿ ಹೆಸರು ಸಿಕ್ತು ನೋಡು," ಎಂದು ನಕ್ಕರು.

ಆ ನಗುವಿನ ಮುಂದೆ ಕಾಯ್ದೆಯ ಪಟ್ಟಿ ನಾಲಿಗೆಗೆ ಬರಲಿಲ್ಲ. ನಾಳೆ ಹೇಳುತ್ತೇನೆ.

ಫೆಬ್ರವರಿ 9, ಭಾನುವಾರ

ಎರಡು ದಿನದಿಂದ ನೀರು ಬದಲಿಸುವುದೇ ಕೆಲಸ. ಉಪ್ಪಿನ ಪುಡಿ ಕಲಸಿ, ಅಳೆದು, ಬಿಸಿ ಸಮ ಮಾಡಿ, ಹಳೆಯದು ತೆಗೆದು ಹೊಸದು ಹಾಕಿದೆವು. ತಾಮ್ರ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟಿದ್ದಾರೆ. ನನ್ನ ಸೊಂಟ ಮುರಿದಿದೆ. ಇವರು ಇಪ್ಪತ್ತು ವರ್ಷ ಚಿಕ್ಕವರಾದಂತೆ ಓಡಾಡುತ್ತಿದ್ದಾರೆ.

ಬದುಕುವುದು ಅನುಮಾನವಂತೆ. ಸತ್ತರೆ ತಾನಾಗೇ ಪೀಡೆ ಕಳೆಯಿತು ಎಂದು ಒಂದು ಕ್ಷಣ ಅನ್ನಿಸಿತು. ಬರೆದಿಡುತ್ತೇನೆ, ಸುಳ್ಳೇಕೆ.

ಫೆಬ್ರವರಿ 14, ಶುಕ್ರವಾರ

ತಿನ್ನಿಸಬೇಕಂತೆ. ತಿಂದರೆ ಮಾಂಸ ಮತ್ತೆ ಮೂಳೆಯ ಮೇಲೆ ಹತ್ತುತ್ತದಂತೆ. ತಿನ್ನುವುದು ಸೀಗಡಿ.

ಸೀಗಡಿ ಇರುವುದು ಎದುರುಮನೆಯ ಶಾಂತಮ್ಮನವರ ಫ್ರೀಜರಿನಲ್ಲಿ. ಅವರು ಕುಂದಾಪುರದ ಕಡೆಯವರು. ಮನೆಯೊಳಗೆ ಸೀಗಡಿ ಡಬ್ಬಿ ಬಂದರೆ ನಾನು ತವರಿಗೆ ಹೋಗುತ್ತೇನೆ ಎಂದು ಹೋದ ವರ್ಷ ಹೇಳಿದ್ದೆ, ಅಂದಿನಿಂದ ಅಲ್ಲಿದೆ. ಇವರು ಸಂಜೆ ಅಲ್ಲಿಂದ ಒಂದು ಚೂರು ತಂದು, ದೀಪ ಆರಿಸಿ, ಉದ್ದನೆ ಚಿಮಟದಲ್ಲಿ ಬಾಯಿಯ ಹತ್ತಿರ ಹಿಡಿದರು. ಮೊದಲು ಅಂಚಿನಲ್ಲಿ ಎಳೆಗಳು ಹೊರಗೆ ಬರಬೇಕಂತೆ. ಬರಲಿಲ್ಲ. ಇವರ ಕೈ ಸೋತು ಅಲುಗಾಡಲು ಶುರುವಾಯಿತು. ಒಂದು ನಿಮಿಷ ಹಿಡಿದುಕೋ ಎಂದು ನನ್ನ ಕೈಗೆ ಕೊಟ್ಟರು. ಮೂಗು ಮುಚ್ಚಿಕೊಂಡು ಹಿಡಿದೆ. ಆಮೇಲೆ ಮತ್ತೊಂದು ಸಲ ಸ್ನಾನ ಮಾಡಿದೆ.

ತಿನ್ನಲಿಲ್ಲ.

ಫೆಬ್ರವರಿ 20, ಗುರುವಾರ

ಇವರಿಗೆ ನೆಗಡಿ, ಜ್ವರ. ನಾನೇ ಚಿಮಟ ಹಿಡಿದೆ. ಗಡಿಯಾರ ನೋಡುತ್ತಾ ನಿಂತಿದ್ದೆ. ಒಂಬತ್ತನೇ ನಿಮಿಷಕ್ಕೆ ಒಂದು ಎಳೆ ಬಂದು ಸೀಗಡಿಯನ್ನು ಮುಟ್ಟಿತು. ಆಮೇಲೆ ಇನ್ನೊಂದು. ಬಾಯಿ ನಿಧಾನವಾಗಿ, ಹಲ್ಲಿಲ್ಲದ ಮುದುಕಿಯ ಬಾಯಿಯಂತೆ ತೆರೆದು, ಒಳಗೆ ಎಳೆದುಕೊಂಡಿತು.

ಕೂಗಿ ಹೇಳಿದೆ. ಇವರು ಕಂಬಳಿ ಹೊದ್ದುಕೊಂಡೇ ಎದ್ದು ಬಂದು ನನ್ನ ಪಕ್ಕ ನಿಂತರು. ಅದು ನುಂಗಿ ಮುಗಿಸುವವರೆಗೂ ಇಬ್ಬರೂ ಗಾಜಿಗೆ ಮುಖವಿಟ್ಟು ನೋಡಿದೆವು.

ಕಾಯ್ದೆಯ ವಿಷಯ ಶಿವರಾತ್ರಿ ಕಳೆದ ಮೇಲೆ ಹೇಳುತ್ತೇನೆ. ಜ್ವರದಲ್ಲಿರುವವರಿಗೆ ಇದನ್ನೆಲ್ಲ ಹೇಳಬಾರದು.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಉಪವಾಸ. ಪೂಜೆ ಮುಗಿಸಿ ಸಂಜೆ ಚಿಮಟ ತೆಗೆದುಕೊಂಡೆ. ಇವತ್ತೊಂದು ದಿನ ಬಿಡಬಹುದಿತ್ತಲ್ಲ ಎಂದರು ಇವರು. ಉಪವಾಸ ನಮಗೆ, ಅದಕ್ಕೇನು ಎಂದೆ. ಎಡಬದಿಯಲ್ಲಿ ಮೂರು ಹಲ್ಲು ಮತ್ತೆ ಮುಚ್ಚಿಕೊಂಡಿವೆ.

ಸೀಗಡಿ ಡಬ್ಬಿಯನ್ನು ನಮ್ಮ ಫ್ರಿಜ್ಜಿಗೇ ತಂದೆ. ದಿನಾ ಎದುರುಮನೆಗೆ ಓಡಲು ಯಾರಿಂದ ಆಗುತ್ತದೆ. ಬಟಾಣಿ ಪೊಟ್ಟಣದ ಹಿಂದೆ ಇಟ್ಟಿದ್ದೇನೆ.

ಫೆಬ್ರವರಿ 28, ಶುಕ್ರವಾರ

ಇವತ್ತು ಬದುಕಿದ್ದೇ ಹೆಚ್ಚು.

ಸಂಜೆ ಸಂಧ್ಯಾ ಮೇಡಂ ಆಲ್ಕೊಳದ ಕಡೆ ಹೊರಟಿದ್ದರು, ದಾರಿಯಲ್ಲೇ ಇಳಿಸುತ್ತೇನೆ ಬನ್ನಿ ಎಂದು ಜೀಪು ಹತ್ತಿಸಿಕೊಂಡರು. ಬೇಡ ಎನ್ನುವುದಕ್ಕೆ ಕಾರಣ ಹೊಳೆಯಲಿಲ್ಲ. ಮನೆಯ ಮುಂದೆ ಜೀಪು ನಿಂತಾಗ, ಒಂದು ಲೋಟ ನೀರು ಕುಡಿದು ಹೋಗುತ್ತೇನೆ ಎಂದು ಅವರೂ ಇಳಿದರು. ಕಿಟಕಿಯ ಪರದೆಯ ಹಿಂದೆ ಟ್ಯಾಂಕಿನ ನೀಲಿ ದೀಪ ಉರಿಯುತ್ತಿತ್ತು. ನನ್ನ ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂತು, ನನಗೇ ಆಶ್ಚರ್ಯ.

"ಒಳಗೆ ಬರಬೇಡಿ ಮೇಡಂ. ಅತ್ತೆಗೆ ಅಮ್ಮ ಆಗಿದೆ."

ಮೈಮೇಲೆ ಗುಳ್ಳೆ ಎದ್ದು ಅಮ್ಮ ಬಂದ ಮನೆಗೆ ಯಾರೂ ಕಾಲಿಡುವುದಿಲ್ಲ. ಮೇಡಂ ಗೇಟಿನಿಂದಲೇ ಹಿಂದೆ ಸರಿದು, ಈ ವಯಸ್ಸಿನಲ್ಲಾ ಪಾಪ, ರಜೆ ಬೇಕಿದ್ದರೆ ಹಾಕಿ ಎಂದರು. ಅತ್ತೆ ಭದ್ರಾವತಿಯಲ್ಲಿ ಹೊಸ ಕಣ್ಣಿನಿಂದ ಧಾರಾವಾಹಿ ನೋಡುತ್ತಾ ಗಟ್ಟಿಮುಟ್ಟಾಗಿದ್ದಾರೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆ, ತಪ್ಪುಕಾಣಿಕೆ ಕಟ್ಟಿಟ್ಟಿದ್ದೇನೆ. ನನ್ನನ್ನು ನಂಬುವ ಮೇಲಧಿಕಾರಿ ಇಪ್ಪತ್ತೈದು ವರ್ಷದಲ್ಲಿ ಇವರೊಬ್ಬರೇ ಸಿಕ್ಕಿದ್ದು.

ಇವರು ಗೇಟಿನಲ್ಲಿ ಯಾರು ಎಂದು ಕೇಳಿದರು. ಗ್ಯಾಸಿನವರು ಎಂದೆ. ಒಂದೇ ಸಂಜೆಗೆ ಎರಡು.

ಮಾರ್ಚ್ 4, ಮಂಗಳವಾರ

ಭದ್ರಾವತಿಯ ಒಂದು ಮೀನಿನ ಅಂಗಡಿಯಲ್ಲಿ ಕಲ್ಲು ಹವಳ ಮಾರುತ್ತಾರೆಂದು ದೂರು ಬಂದಿತ್ತಂತೆ. ಬೆಳಿಗ್ಗೆ ಮೇಡಂ ತಂಡದೊಂದಿಗೆ ಹೋದರು. ಯಾವ ಅಂಗಡಿ ಎಂದು ಕೇಳುವ ಧೈರ್ಯ ಬರಲಿಲ್ಲ. ಮುರುಗೇಶಪ್ಪನವರಿಗೆ ಫೋನ್ ಮಾಡಿ ಎಚ್ಚರಿಸಬೇಕೆಂದು ಎರಡು ಸಲ ಮೊಬೈಲ್ ಕೈಗೆತ್ತಿಕೊಂಡೆ. ಎರಡು ಸಲವೂ ಇಟ್ಟೆ. ಅದಕ್ಕಾದರೂ ನನ್ನನ್ನು ಮೆಚ್ಚಬೇಕೋ, ಅದಕ್ಕೇ ನನಗೆ ಉಗಿಯಬೇಕೋ ತಿಳಿಯುತ್ತಿಲ್ಲ.

ಮಾರ್ಚ್ 5, ಬುಧವಾರ

ಅವರೇ.

ಮುರುಗೇಶಪ್ಪನವರನ್ನು ನನ್ನ ಮೇಜಿನ ಎದುರು ಕೂರಿಸಿದರು. ಹೇಳಿಕೆ ಟೈಪ್ ಮಾಡಬೇಕಾದವಳು ನಾನು. ನಮ್ಮ ಟ್ಯಾಂಕಿನ ಗಾಜನ್ನು ಮನೆಯೊಳಗೆ ಹೊತ್ತು ತಂದವರು ಅವರೇ. ನನ್ನ ಕೈಯಿಂದ ಕಾಫಿ ಕುಡಿದು ಹೋದವರು. ನನ್ನನ್ನು ನೋಡಿದರು, ಗುರುತಿನ ಒಂದು ಗೆರೆಯೂ ಮುಖದ ಮೇಲೆ ಮೂಡಲಿಲ್ಲ. ಯಾರಿಗೆಲ್ಲ ಮಾರಿದ್ದೀರಿ ಎಂದು ಮೇಡಂ ಕೇಳಿದರು.

"ಯಾರಿಗೂ ಮಾರಿಲ್ಲ ಮೇಡಂ. ಮಶ್ರೂಮ್ ಅಂತ ಹೇಳಿ ಚೆನ್ನೈಯಿಂದ ಕಳಿಸಿದ್ರು, ನಾನೂ ಹಂಗೇ ನಂಬ್ಕೊಂಡೆ. ಮೊನ್ನೆ ಬಂದಿದ್ದು, ಇನ್ನೂ ಯಾರೂ ತಗೊಂಡಿಲ್ಲ."

ಯಾರಿಗೂ ಮಾರಿಲ್ಲ ಎಂದು ನನ್ನ ಬೆರಳು ಟೈಪ್ ಮಾಡಿತು. 

ಜಪ್ತಿಯಾದವು ಒಂಬತ್ತು. ಎರಡು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತಂದು ಹಳೆಯ ಕಡತದ ಕೋಣೆಯಲ್ಲಿ ಇಟ್ಟಿದ್ದಾರೆ. ಕರಾವಳಿಯಿಂದ ತಜ್ಞರು ಬಂದು ಗುರುತಿಸುವವರೆಗೆ ಜೀವಂತ ಇರಬೇಕು. ಅವರು ಬರುವುದು ಸೋಮವಾರ. ವಾಚರ್ ಸುಬ್ಬಪ್ಪ ಒಳ್ಳೆಯ ಮನುಷ್ಯ, ಆನೆ ಮರಿಗೆ ಹಾಲು ಕುಡಿಸಿ ಸಾಕಿದವನು. ಬಕೆಟ್ಟಿನ ನೀರು ಕಮ್ಮಿಯಾಯಿತೆಂದು ನಲ್ಲಿ ನೀರಿಗೆ ಅಡುಗೆಯ ಕಲ್ಲುಪ್ಪು ಕಲಸಿ, ನಾಲಿಗೆಯಲ್ಲಿ ರುಚಿ ನೋಡಿ, ತುಂಬಿಸುತ್ತಿದ್ದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ನನ್ನ ಮೇಜಿಗೆ ವಾಪಸು ಬಂದೆ.

ಮಾರ್ಚ್ 6, ಗುರುವಾರ

ಬಕೆಟ್ಟಿನಲ್ಲಿ ಎರಡು ಸತ್ತಿವೆ. ಬಿಳಿ ಲೋಳೆ ಬಿಟ್ಟಿವೆ, ವಾಸನೆ. ಉಳಿದವುಗಳಲ್ಲಿ ಒಂದು ನಮ್ಮದರ ಜಾತಿಯದೇ. ಅಂಗೈಯಷ್ಟು, ಎಳೆಯದು. ಹಲ್ಲು ಹೊರಬಂದಿದೆ.

ಆ ನೀರಿನಲ್ಲಿ ಸೋಮವಾರದವರೆಗೆ ಯಾವುದೂ ಉಳಿಯುವುದಿಲ್ಲ. ಅದನ್ನು ಹೇಳಬಲ್ಲವಳು ಆ ಕಟ್ಟಡದಲ್ಲಿ ನಾನೊಬ್ಬಳೇ. ಹೇಳಿದರೆ ಮುಂದಿನ ಪ್ರಶ್ನೆ, ನಿಮಗೆ ಹೇಗೆ ಗೊತ್ತು. ಸುಮ್ಮನಿದ್ದರೆ ನಾನು ಉಳಿಯುತ್ತೇನೆ, ಇವರು ಉಳಿಯುತ್ತಾರೆ, ಮುರುಗೇಶಪ್ಪನವರು ಬಾಯಿ ಬಿಡುವುದಿಲ್ಲ. ಇಡೀ ದಿನ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಊಟದ ಡಬ್ಬಿ ತೆರೆಯದೆ ವಾಪಸು ತಂದೆ.

ಸಂಜೆ ಇವರಿಗೆ ಎಲ್ಲವನ್ನೂ ಹೇಳಿದೆ. ಪಟ್ಟಿ, ಮೇಡಂ, ಅಮ್ಮ, ಗ್ಯಾಸಿನವರು, ಮುರುಗೇಶಪ್ಪ, ಬಕೆಟ್ಟು. ಇವರು ಟ್ಯಾಂಕಿನ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು.

"ಒಂದು ತಿಂಗಳಿಂದ ಗೊತ್ತಿತ್ತಾ ನಿಂಗೆ?"

ಹೂಂ ಎಂದೆ.

"ಯಾಕೆ ಹೇಳಲಿಲ್ಲ?"

"ನೀವು ಮತ್ತೆ ಮಲಗಿಬಿಡ್ತೀರಾ ಅಂತ ಭಯ ಆಯ್ತು ರೀ."

ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಇವರಿಗಂತೂ ಇಲ್ಲವೇ ಇಲ್ಲ. ಇವರು ಸ್ಟೂಲಿನಿಂದ ಎದ್ದರು. ಆಮೇಲೆ, ನಾಳೆ ತಾನೇ ಹೋಗಿ ಹೇಳುತ್ತೇನೆ, ತಂದವನು ತಾನು ಎಂದರು. ನಾನು ಬಿಡಲಿಲ್ಲ. ಕೋರ್ಟು, ಕಟಕಟೆ, ಜಾಮೀನು, ಇವೆಲ್ಲ ಇವರನ್ನು ಏನು ಮಾಡುತ್ತವೆಂದು ನನಗೆ ಗೊತ್ತು. ನನಗಾದರೆ ಆ ಭಾಷೆ ಅಭ್ಯಾಸವಿದೆ. ಜಗಳವಾಯಿತು. ಮದುವೆಯಾದ ಮೇಲೆ ಇಷ್ಟು ಜೋರಾಗಿ ಆಡಿದ ಜಗಳ ಇದೇ ಇರಬೇಕು. ಇವರು ಬಾಗಿಲು ಹಾಕಿಕೊಂಡರು.

ನಾನು ಸೀಗಡಿ ಕರಗಿಸಿ ತಿನ್ನಿಸಿದೆ. ಇವತ್ತು ಎಳೆಗಳು ಮೂರೇ ನಿಮಿಷಕ್ಕೆ ಬಂದವು.

ಮಾರ್ಚ್ 7, ಶುಕ್ರವಾರ

ಒಂಬತ್ತೂವರೆಗೆ ಮೇಡಂ ಬಂದರು. ನಾನು ಕಡತದ ಕೋಣೆಯಲ್ಲಿ ಬಕೆಟ್ಟಿನ ಮುಂದೆ ನಿಂತಿದ್ದೆ. ಸುಬ್ಬಪ್ಪ ಮತ್ತೆ ಉಪ್ಪು ಕಲಸಿಕೊಂಡು ಬಂದ.

"ಹಾಕಬೇಡಪ್ಪ," ಎಂದೆ.

ಆಮೇಲೆ ನಿಲ್ಲಿಸಲು ಆಗಲಿಲ್ಲ. ಅಡುಗೆ ಉಪ್ಪಿನಲ್ಲಿ ಇವು ಬದುಕುವುದಿಲ್ಲ, ಸಮುದ್ರದ್ದೇ ಬೇರೆ, ನಲ್ಲಿ ನೀರಿನ ಕ್ಲೋರಿನ್ ಇವುಗಳ ಮೈ ಸುಡುತ್ತದೆ, ಗಾಳಿ ಊದುವ ಪಂಪು ಬೇಕು, ಸತ್ತವನ್ನು ಈಗಲೇ ತೆಗೆಯದಿದ್ದರೆ ಉಳಿದವಕ್ಕೂ ವಿಷ ಎಂದೆ. ಏಳರಲ್ಲಿ ಈ ಎರಡು ನಿಜವಾಗಿ ಮಶ್ರೂಮ್, ಬುಡ ಮುಟ್ಟಿದರೆ ಮೆತ್ತಗಿರುತ್ತದೆ. ಉಳಿದ ಐದಕ್ಕೆ ಮಾಂಸದ ಕೆಳಗೆ ಮೂಳೆ ಇದೆ ಎಂದು ಒಂದನ್ನು ಎರಡು ಬೆರಳಿನಿಂದ ಅಂಚು ಹಿಡಿದು ತಿರುಗಿಸಿ ತೋರಿಸಿದೆ. ಮೇಡಂ ಬುಡದ ಕಲ್ಲು ನೋಡಿದರು. ಆಮೇಲೆ ನನ್ನ ಬೆರಳು ನೋಡಿದರು.

"ತನುಜಾ ಅವರೇ, ಇದೆಲ್ಲ ನಿಮಗೆ ಹೇಗೆ ಗೊತ್ತು?"

"ನಮ್ಮನೇಲಿ ಒಂದಿದೆ ಮೇಡಂ."

ಸುಬ್ಬಪ್ಪನ ಕೈಯಲ್ಲಿದ್ದ ಬಕೆಟ್ಟು ಅಲ್ಲೇ ನಿಂತಿತು. ಮೇಡಂ ಅವನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಯಾವಾಗಿನಿಂದ, ಗೊತ್ತಿದ್ದೂ ಇಟ್ಟುಕೊಂಡಿರಾ ಎಂದು ಕೇಳಿದರು. ಎಲ್ಲದಕ್ಕೂ ಉತ್ತರ ಕೊಟ್ಟೆ. ಅತ್ತೆಗೆ ಏನೂ ಆಗಿಲ್ಲ ಎಂದೂ ಹೇಳಿದೆ. ಅದಕ್ಕೇ ಅವರಿಗೆ ಹೆಚ್ಚು ನೋವಾದಂತೆ ಕಂಡಿತು. ತಂದವರು ಯಾರು ಎಂದರು. ನಾನೇ ಎಂದೆ. ನಿಮ್ಮ ಯಜಮಾನರಿಗೆ ಗೊತ್ತಿತ್ತೇ ಎಂದರು. ಅವರಿಗೆ ಏನೂ ಗೊತ್ತಿಲ್ಲ, ಹವ್ಯಾಸ ನನ್ನದು ಎಂದೆ.

ಮಾರ್ಚ್ 8, ಶನಿವಾರ

ಮಹಜರು ನಮ್ಮ ಹಾಲಿನಲ್ಲಿ. ಸಾಕ್ಷಿಗೆ ಪಂಚರಾಗಿ ಶಾಂತಮ್ಮನವರು ಮತ್ತು ಅವರ ಮೈದುನ. ಉದ್ದ ಅಗಲ ಅಳೆದರು, ಫೋಟೋ ತೆಗೆದರು. ಬಕೆಟ್ಟಿನವನ್ನು ಉಳಿಸಲು ಪಳಗಿದ ಸಮುದ್ರದ ನೀರು ಬೇಕಿತ್ತು, ಅದು ಈ ಊರಿನಲ್ಲಿ ಇದ್ದದ್ದು ನಮ್ಮ ಟ್ಯಾಂಕಿನಲ್ಲಿ. ಹತ್ತು ಕ್ಯಾನಿಗೆ ತುಂಬಿಸಿ ಕೊಟ್ಟೆ. ಪಂಪು, ಹೀಟರು, ಉಪ್ಪಿನ ಚೀಲ ಎಲ್ಲವೂ ಹೋದವು. ಎರಡು ಮೀನು, ಉಳಿದೆರಡು ಬಸವನಹುಳುಗಳನ್ನೂ ಅದೇ ನೀರಿನಲ್ಲಿ ಕಳಿಸಿದೆ.

ನಮ್ಮದನ್ನು ನಾನೇ ಅಗಲ ಬಾಯಿಯ ಡಬ್ಬಿಗೆ ಇಳಿಸಿದೆ. ನೀರು ಬಿಟ್ಟು ಹೊರಗೆ ಬಂದರೆ ಮಾಂಸ ಜೋತು ಬಿದ್ದು ಹರಿಯುತ್ತದೆ, ನೀರೊಳಗೇ ಡಬ್ಬಿ ಮುಳುಗಿಸಿ ತೆಗೆಯಬೇಕು. ತುಂಬ ಭಾರ. ಮಾಂಸದ ಭಾರವಲ್ಲ, ಕಲ್ಲಿನದು.

ನನ್ನ ಹೇಳಿಕೆ ಓದುವಾಗ ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. 'ಪತಿ ವಿಜಯೇಂದ್ರ ಅವರಿಗೆ ಈ ವಿಷಯದಲ್ಲಿ ಯಾವುದೇ ತಿಳಿವಳಿಕೆ ಇರುವುದಿಲ್ಲ' ಎಂಬ ಸಾಲು ಬಂದಾಗ ಬಾಯಿ ತೆರೆದರು. ನಾನು ಇವರನ್ನು ನೋಡಿದೆ. ಮುಚ್ಚಿಕೊಂಡರು. ನನ್ನನ್ನು ಬಂಧಿಸಲಿಲ್ಲ, ಕರೆದಾಗ ಬರಬೇಕು ಎಂದು ಬರೆಸಿಕೊಂಡರು. ಸಂಜೆ ಅಮಾನತಿನ ಆದೇಶ ಬಂತು. ಒಕ್ಕಣೆಯಲ್ಲಿ ಎರಡು ತಪ್ಪಿದ್ದವು. ನಾನಿದ್ದಿದ್ದರೆ ತಿದ್ದುತ್ತಿದ್ದೆ.

ಮಾರ್ಚ್ 12, ಬುಧವಾರ

ಸೋಮವಾರ ತಜ್ಞರು ಬಂದು ಗುರುತಿಸಿ, ಎಲ್ಲವನ್ನೂ ಕರಾವಳಿಯ ಒಂದು ಸಂಸ್ಥೆಗೆ ಕೊಂಡೊಯ್ದರಂತೆ. ಏಳಕ್ಕೆ ಏಳೂ ಉಳಿದಿದ್ದವು, ನಮ್ಮದು ಸೇರಿ ಎಂಟು. ಸುಬ್ಬಪ್ಪ ಗುಟ್ಟಾಗಿ ಫೋನ್ ಮಾಡಿ ಹೇಳಿದ.

ಇವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಆದರೆ ಬೆಳಿಗ್ಗೆ ಆರಕ್ಕೇ ಎದ್ದು, ಖಾಲಿ ಟ್ಯಾಂಕಿನ ಗಾಜಿಗೆ ಅಂಟಿದ ಉಪ್ಪನ್ನು ಬ್ಲೇಡಿನಿಂದ ಕೆರೆಯುತ್ತಾರೆ. ಕಾಫಿಯನ್ನೂ ಅವರೇ ಮಾಡುತ್ತಾರೆ. ನನಗೇ ಎದ್ದೇಳಲು ಹತ್ತು ಗಂಟೆಯಾಗುತ್ತಿದೆ. ಬೇಸಿಗೆ ಅಲ್ಲವೇ, ನಿದ್ದೆ ಜಾಸ್ತಿ.

ಮಾರ್ಚ್ 19, ಬುಧವಾರ

ಮಧ್ಯಾಹ್ನ ಸಂಧ್ಯಾ ಮೇಡಂ ಫೋನ್ ಮಾಡಿದರು. ಧ್ವನಿ ಬಿಗಿಯಾಗಿತ್ತು, ಕಚೇರಿಯ ಧ್ವನಿ. ಕರಾವಳಿಯವರು ಕೇಳಿದ್ದಾರಂತೆ. ದೊಡ್ಡದು ಹತ್ತು ದಿನದಿಂದ ಬಾಯಿ ತೆರೆದಿಲ್ಲ, ಮತ್ತೆ ಹಲ್ಲು ಕಾಣುತ್ತಿದೆ. ಅವರಲ್ಲಿ ನೀರು, ಬೆಳಕು, ಎಲ್ಲ ಲೆಕ್ಕವೂ ಸರಿ ಇದೆ. ಇದು ಏನು ತಿನ್ನುತ್ತಿತ್ತು, ಹೇಗೆ ತಿನ್ನುತ್ತಿತ್ತು ಎಂದು ಬರವಣಿಗೆಯಲ್ಲಿ ಬೇಕಂತೆ. ಕೊನೆಗೆ ಧ್ವನಿ ಸ್ವಲ್ಪ ತಗ್ಗಿಸಿ, ನೀವು ಬರೆದದ್ದು ಕಡತಕ್ಕೆ ಸೇರುತ್ತದೆ, ಬರೆಯಲೇಬೇಕೆಂದು ಒತ್ತಾಯವಿಲ್ಲ, ವಕೀಲರನ್ನು ಕೇಳಿ ಬರೆಯಿರಿ ಎಂದರು.

ಕಡತಕ್ಕೆ ಸೇರುವುದೆಂದರೇನು ಎಂದು ನನಗೆ ಯಾರೂ ಕಲಿಸಬೇಕಿಲ್ಲ. ಗೊತ್ತಾದ ಮೇಲೂ ಒಂದು ತಿಂಗಳು ಉದ್ದೇಶಪೂರ್ವಕವಾಗಿ ಸಾಕಿದ್ದಾಳೆ ಎನ್ನುವುದಕ್ಕೆ ಆರೋಪಿಯ ಕೈಬರಹದ ಸಾಕ್ಷಿ. ಇವತ್ತೇ ಬರೆದು ಕೊಟ್ಟರೆ ನಾಳೆ ಅಲ್ಲಿಗೆ ತಲುಪುತ್ತದೆ. ವಕೀಲರು ಸಿಗುವುದು ಶನಿವಾರ.

ಬಿಳಿ ಹಾಳೆ ತೆಗೆದುಕೊಂಡು ಕೂತೆ. ಅಭ್ಯಾಸಬಲ, 'ವಿಷಯ' ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಮೊದಲು ದೀಪ ಆರಿಸಬೇಕು, ಕೋಣೆಯ ದೀಪವನ್ನೂ. ಸೀಗಡಿಯ ಸಿಪ್ಪೆ ತೆಗೆದು ಹೆಸರುಕಾಳಿನಷ್ಟು ಚೂರು ಮಾಡಬೇಕು, ದೊಡ್ಡದಾದರೆ ಉಗುಳುತ್ತದೆ. ಕರಗಿಸಿದ ನೀರನ್ನು ಒಂದೆರಡು ಹನಿ ಮೊದಲು ಬಾಯಿಯ ಮೇಲೆ ಬಿಡಬೇಕು, ವಾಸನೆ ತಿಳಿಯಲಿ. ಎಡಗಡೆಯಿಂದ ಕೊಡಬೇಕು, ಬಲಬದಿಯಲ್ಲಿ ತಾಮ್ರದಿಂದಾದ ಗಾಯ ಇನ್ನೂ ಮಾಯ್ದಿಲ್ಲ. ಪಂಪು ನಿಲ್ಲಿಸಬೇಕು. ಚಿಮಟದ ತುದಿ ಮೈಗೆ ತಾಕಬಾರದು, ತಾಕಿದರೆ ಆ ದಿನ ತೆರೆಯುವುದಿಲ್ಲ. ಕೈ ಅಲುಗಾಡಿಸದೆ ಹತ್ತು ನಿಮಿಷ ಹಿಡಿದಿರಬೇಕು. ಕೆಲವು ದಿನ ಹದಿನೈದು. ಎಳೆ ಬಂದ ಮೇಲೂ ಅವಸರ ಮಾಡಿ ಬಿಡಬಾರದು, ಅದು ತಾನಾಗಿ ಎಳೆದುಕೊಳ್ಳುವವರೆಗೂ ಹಿಡಿದಿರಬೇಕು. ನಾಲ್ಕು ಪುಟವಾಯಿತು. ಯಾವ ತಾರೀಕು ಏನು ತಿಂದಿತೆಂದೂ ಈ ಡೈರಿ ನೋಡಿ ಬರೆದೆ. ಕೊನೆಯಲ್ಲಿ ಪೂರ್ತಿ ಹೆಸರು, ಹುದ್ದೆ, ಸಹಿ.

ಇವರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಹನ್ನೆರಡು ದಿನದ ಮೇಲೆ ಮಾತಾಡಿದರು.

"ಇದು ನಿನ್ನ ಮೇಲೇ ತಿರುಗುತ್ತೆ ಕಣೆ. ಕೊಟ್ರೆ ಕೆಲ್ಸ ಹೋಗುತ್ತೆ."

"ಗೊತ್ತು. ಅದು ಹತ್ತು ದಿನದಿಂದ ಉಪವಾಸ ಇದೆ ರೀ."

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ನಾಲ್ಕು ಪುಟವನ್ನೂ ಕನ್ನಡಕ ಹಾಕಿಕೊಂಡು ಓದಿದರು. ಮೂರನೇ ಪುಟದಲ್ಲಿ ಸುಣ್ಣದ ಅಳತೆ ತಪ್ಪು ಬರೆದಿದ್ದೆ, ತಿದ್ದಿದರು. ಉಪ್ಪಿನಂಶ ಎಷ್ಟಿರಬೇಕು, ಇದ್ದಿಲು ಎಷ್ಟು ದಿನಕ್ಕೆ ಬದಲಿಸಬೇಕು ಎಂದು ಕೆಳಗೆ ಹತ್ತು ಸಾಲು ತಮ್ಮ ಅಕ್ಷರದಲ್ಲಿ ಸೇರಿಸಿದರು. ಅದರ ಕೆಳಗೆ, 'ಈ ಜೀವಿಯನ್ನು ಭದ್ರಾವತಿಯಿಂದ ಮನೆಗೆ ತಂದವನು ನಾನು' ಎಂದು ಬರೆದರು. ನಾನು ಪೆನ್ನು ಹಿಡಿಯಲು ಹೋದೆ. ನನ್ನ ಕೈಯನ್ನು ಮೆಲ್ಲಗೆ ಸರಿಸಿ, ನನ್ನ ಸಹಿಯ ಪಕ್ಕದಲ್ಲೇ ತಮ್ಮ ಸಹಿ ಹಾಕಿದರು.

ಆಮೇಲೆ ಇಬ್ಬರೂ ನಡೆದುಕೊಂಡೇ ಹೋಗಿ ಕಚೇರಿಯಲ್ಲಿ ಕೊಟ್ಟು ಬಂದೆವು. ಐದೂವರೆಗೆ ಮುಚ್ಚುವುದರೊಳಗೆ ತಲುಪಬೇಕಿತ್ತು, ತಲುಪಿದೆವು.